ಹಳ್ಳದ ಮೇಲೆ ಹೊರಿಸಿದ ತಪ್ಪು

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿಯಲ್ಲಿ ಮಾತನಾಡುತ್ತ, "ಸಾರ್, ತರಗತಿಯಲ್ಲಿ ನೀವು ಮ್ಯಾಕ್‌ಬೆತ್‌ನ ಕಥೆ ಹೇಳಿದ್ದು ಇನ್ನೂ ನೆನಪಿದೆ. ಮಹತ್ವಾಕಾಂಕ್ಷೆಗೆ ಬಿದ್ದು ಹಾಳಾದ ಅಂಥ ಪಾತ್ರ ನಮ್ಮ ಕನ್ನಡ ನಾಟಕಗಳಲ್ಲಿ ಇಲ್ಲವೆ?" ಎಂದು ಕೇಳಿದಳು. ಗಿರೀಶ ಕಾರ್ನಾಡರ 'ಅಗ್ನಿ ಮತ್ತು ಮಳೆ'ಯ ಪರಾವಸುವನ್ನು ಓದು ಎಂದೆ. ಫೋನು ಇಟ್ಟ ಮೇಲೆ ನನಗೇ ಮನಸ್ಸು ಕದಡಿತು. ಏಕೆಂದು ಈ ದಿನ ಬರೆದುಬಿಡುತ್ತೇನೆ.

ಕಿಗ್ಗದವರಿಗೆ ಆ ನಾಟಕ ದೂರದ್ದಲ್ಲ. ಮಹಾಭಾರತದ ವನಪರ್ವದಲ್ಲಿ ಲೋಮಶ ಮುನಿಯು ಪಾಂಡವರಿಗೆ ನಮ್ಮ ಋಷ್ಯಶೃಂಗನ ಕಥೆಯನ್ನು ಹೇಳುತ್ತಾನೆ. ಮುಂದೆ ಕೆಲವು ಅಧ್ಯಾಯಗಳಾದ ಮೇಲೆ ಯವಕ್ರೀತ, ರೈಭ್ಯ, ಪರಾವಸುಗಳ ಕಥೆಯನ್ನೂ ಅವನೇ ಹೇಳುತ್ತಾನೆ. ಕಾರ್ನಾಡರು ಎತ್ತಿಕೊಂಡದ್ದು ಈ ಎರಡನೆಯದನ್ನು. ಏನೂ ಅರಿಯದ ಋಷ್ಯಶೃಂಗ ಅಂಗದೇಶಕ್ಕೆ ಕಾಲಿಟ್ಟ ಮಾತ್ರಕ್ಕೆ ಮಳೆ ಸುರಿಯಿತು. ಎಲ್ಲವನ್ನೂ ಅರಿತ ಪರಾವಸು ನಾಟಕದಲ್ಲಿ ಏಳು ವರ್ಷ ಯಜ್ಞ ನಡೆಸಿದರೂ ಹನಿ ಬೀಳುವುದಿಲ್ಲ.

ಪರಾವಸುವಿಗೆ ಬೇಕಾದದ್ದು ಹಣವಲ್ಲ, ರಾಜ್ಯವಲ್ಲ. ಇಂದ್ರನೆದುರು ಸಮನಾಗಿ ನಿಲ್ಲಬೇಕು, ಅಷ್ಟೆ. ಅದಕ್ಕಾಗಿ ಹೆಂಡತಿಯನ್ನು ತೊರೆದು ಹೋಗುತ್ತಾನೆ. ಒಂದು ರಾತ್ರಿ ಗುಟ್ಟಾಗಿ ಆಶ್ರಮಕ್ಕೆ ಬಂದು ತಂದೆಯನ್ನೇ ಬಾಣದಿಂದ ಕೊಲ್ಲುತ್ತಾನೆ. ಮೂಲದಲ್ಲಿ ಕತ್ತಲಲ್ಲಿ ಜಿಂಕೆಯೆಂದು ತಿಳಿದು ಕೊಂದದ್ದು. ಕಾರ್ನಾಡರಲ್ಲಿ ತಿಳಿದೇ ಕೊಂದದ್ದು. ಆದರೆ ನನ್ನನ್ನು ಕಾಡುವುದು ಆ ಕೊಲೆಯಲ್ಲ. ತಾನು ಯಜ್ಞ ಬಿಡುವಂತಿಲ್ಲವೆಂದು ಪ್ರಾಯಶ್ಚಿತ್ತದ ಹೊರೆಯನ್ನು ತಮ್ಮ ಅರವಸುವಿಗೆ ಒಪ್ಪಿಸಿ, ಅವನು ಅದನ್ನು ಮುಗಿಸಿ ಬಂದಾಗ ಅವನೇ ಪಾಪಿಯೆಂದು ಹೊರಗೆ ಅಟ್ಟಿಸುತ್ತಾನೆ. ಮ್ಯಾಕ್‌ಬೆತ್‌ನ ಹೆಂಡತಿ ನಿದ್ದೆಯಲ್ಲಾದರೂ ತನ್ನ ಕೈಯನ್ನು ತಾನೇ ಉಜ್ಜಿ ತೊಳೆಯುತ್ತಾಳೆ. ಪರಾವಸು ಆ ಕೆಲಸವನ್ನೂ ಬೇರೆಯವರಿಗೆ ವಹಿಸಿದವನು.

ನಾನೂ ವಹಿಸಿದ್ದೆ.

1994ನೆಯ ಇಸವಿ. ನಾನು ಮಲೆನಾಡಿನ ಒಂದು ಪ್ರೌಢಶಾಲೆಯಲ್ಲಿ ಹತ್ತನೆಯ ತರಗತಿಯ ತರಗತಿ ಶಿಕ್ಷಕ. ಹಿಂದಿನ ವರ್ಷ ನನ್ನ ವಿಷಯದಲ್ಲಿ ಒಬ್ಬನೇ ಒಬ್ಬ ಹುಡುಗ ನಪಾಸಾಗಿ ನೂರಕ್ಕೆ ನೂರು ತಪ್ಪಿತ್ತು. ಈ ಸಲ ಅದನ್ನು ಸಾಧಿಸಿಯೇ ತೀರಬೇಕೆಂಬ ಹಟ. ತಾಲ್ಲೂಕಿನ ಶಿಕ್ಷಕರ ದಿನಾಚರಣೆಯಲ್ಲಿ ಶಾಲು ಹೊದೆಸುವವರ ಪಟ್ಟಿಯಲ್ಲಿ ನನ್ನ ಹೆಸರನ್ನು ಕಲ್ಪಿಸಿಕೊಂಡಿದ್ದೆ. ಈಗ ಹೇಳಲು ನಾಚಿಕೆಯಾಗುತ್ತದೆ. ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಗಣಿತ ಬಾರದು, ಆದರೆ ಪದ್ಯಗಳನ್ನು ಒಮ್ಮೆ ಕೇಳಿದರೆ ಸಾಕು, ಬಾಯಿಪಾಠ. ಅವನ ಮನೆ ಹಳ್ಳದ ಆಚೆ. ಆಷಾಢದಲ್ಲಿ ಕಾಲುಸಂಕ ಕೊಚ್ಚಿಹೋಗಿ ವಾರಗಟ್ಟಲೆ ಆತ ಬರಲಾಗಲಿಲ್ಲ. ಮಳೆ ಬಾರದಿದ್ದರೆ ಬರಲಿ ಎಂದೂ, ಅತಿಯಾದರೆ ನಿಲ್ಲಲಿ ಎಂದೂ ಜನ ಬೇಡಿಕೊಳ್ಳುವ ದೇವರ ಊರು ನಮ್ಮದು. ಇಲ್ಲಿನ ಮಳೆಗಾಲವೆಂದರೆ ಏನೆಂದು ನಿಮಗೆ ಹೇಳಬೇಕಾಗಿಲ್ಲ.

ಹಾಜರಾತಿ ಕೊರತೆಯನ್ನು ಮನ್ನಿಸುವಂತೆ ಒಂದು ಪತ್ರ ಬರೆದಿದ್ದರೆ ಮುಖ್ಯೋಪಾಧ್ಯಾಯರು ಸಹಿ ಹಾಕುತ್ತಿದ್ದರು. ಕಾರಣವೂ ಸತ್ಯವಾದದ್ದೇ. ನಾನು ಬರೆಯಲಿಲ್ಲ. ಅವನ ತಂದೆ ಕಂಬಳಿ ಕೊಪ್ಪೆ ಹಾಕಿಕೊಂಡು ಬಂದು ಜಗಲಿಯಲ್ಲಿ ನಿಂತಾಗ, "ಏನು ಮಾಡುವುದು, ಹಳ್ಳ ಹೀಗೆ ಮಾಡಿತು. ನಿಯಮ ಮೀರುವ ಹಾಗಿಲ್ಲ. ಮುಂದಿನ ವರ್ಷ ಕಟ್ಟಿಸೋಣ" ಎಂದೆ. ಅವರು ಕೈಮುಗಿದು ಹೋದರು. ಹುಡುಗ ಮುಂದಿನ ವರ್ಷ ಬರಲಿಲ್ಲ. ನಮ್ಮ ಫಲಿತಾಂಶ ನೂರಕ್ಕೆ ನೂರಾಯಿತು. ಶಾಲೂ ಬಂತು, ನನ್ನ ಪತ್ನಿ ಅದನ್ನು ಬಹಳ ದಿನ ಬೀರುವಿನಲ್ಲಿ ಮಡಿಸಿಟ್ಟಿದ್ದಳು.

ಮಹಾಭಾರತದಲ್ಲಿ ಅರ್ವಾವಸು ದೇವತೆಗಳಿಂದ ವರ ಪಡೆದು ಸತ್ತವರನ್ನೆಲ್ಲ ಬದುಕಿಸುತ್ತಾನೆ. ಅಣ್ಣನ ಪಾಪವೂ ತೊಳೆದುಹೋಗುತ್ತದೆ. ನಾಟಕದಲ್ಲಿ ಹಾಗಾಗದು. ಪರಾವಸು ಉರಿಯುವ ಯಜ್ಞಶಾಲೆಯೊಳಕ್ಕೆ ತಾನೇ ನಡೆದುಹೋಗುತ್ತಾನೆ, ಕೊನೆಗೆ ಮಳೆಯೂ ಬರುತ್ತದೆ, ಆದರೆ ನಿತ್ತಿಲೆ ಏಳುವುದಿಲ್ಲ. ಯಾರಿಗೂ ಕೇಡೆಣಿಸದ ಬೇಡರ ಹುಡುಗಿ ಅವಳು. ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿಟ್ಟು ಹೊರಗೆ ಅಂಗಳದಲ್ಲಿ ಕೂತಿದ್ದು ನೆನಪಿದೆ.

ಎರಡು ವರ್ಷದ ಕೆಳಗೆ ಋಷ್ಯಶೃಂಗೇಶ್ವರನ ದೇವಸ್ಥಾನದ ಮೆಟ್ಟಿಲ ಬಳಿ ಆತ ಸಿಕ್ಕಿದ. ತಲೆ ನರೆತಿದೆ. ಅಡಿಕೆ ಕೊನೆ ತೆಗೆಯುವ ಕೆಲಸ. ಕಾಲಿಗೆ ಬಗ್ಗಿದ, ಬೇಡವೆಂದು ಹಿಡಿದೆ. "ಆ ವರ್ಷ ನಾನು ಪತ್ರ ಬರೆಯಬಹುದಿತ್ತು ಕಣೋ" ಎಂದೆ, ಅಷ್ಟು ಹೊತ್ತಿಗೆ ಧ್ವನಿ ಸಣ್ಣದಾಗಿತ್ತು. ಅವನಿಗೆ ಕೇಳಿಸಿತೋ ಇಲ್ಲವೋ. "ಬಿಡಿ ಸಾರ್, ಹಾಳು ಹಳ್ಳದ್ದು ಅದು. ಈಗ ಸೇತುವೆ ಆಗಿದೆ. ಮಗಳು ನಿಮ್ಮ ಬರಹ ಮೊಬೈಲಿನಲ್ಲಿ ಓದುತ್ತಾಳೆ, ನಂಗೂ ಓದಿ ಹೇಳ್ತಾಳೆ" ಎಂದ. ನಾನು ತಲೆಯಾಡಿಸಿದೆ.

ಮಗೂ, ಇದನ್ನೂ ಓದಿ ಹೇಳು. ತಪ್ಪು ಹಳ್ಳದ್ದಲ್ಲ.