ಫಾರ್ಮಿನ ಅಂಚಿನಲ್ಲಿ ಬರೆದದ್ದು

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ವೈದ್ಯಕೀಯ ಕಾಲೇಜುಗಳ ಸಮುದಾಯ ಆರೋಗ್ಯ ವಿಭಾಗಗಳಿಗೆ ಹೋದವರಿಗೆ ಆ ಕೋಣೆ ನೆನಪಿರುತ್ತದೆ. ಚಪ್ಪಲಿ ಹೊರಗೆ ಬಿಡಬೇಕು, ಬಾಗಿಲು ಮುಚ್ಚಿಯೇ ಇರಬೇಕು. ಒಳಗೆ ಒಂದೋ ಎರಡೋ ಕಂಪ್ಯೂಟರ್, ಅವುಗಳ ಮೇಲೆ ಬಟ್ಟೆಯ ಹೊದಿಕೆ. ಗೋಡೆಗೆ ತಾಗಿಸಿ ಜೋಡಿಸಿದ ಕಟ್ಟುಗಳಲ್ಲಿ ಸಾವಿರಾರು ಫಾರ್ಮುಗಳು. ಪ್ರತಿ ಕಟ್ಟಿನ ಮೇಲೂ ಹಳ್ಳಿಯ ಹೆಸರು, ಮನೆಗಳ ಸಂಖ್ಯೆ. ಹಳ್ಳಿಯಿಂದ ಬಂದ ಫಾರ್ಮು ವೈದ್ಯರ ಪ್ರಬಂಧದಲ್ಲಿ ಒಂದು ಅಂಕಿಯಾಗಿ ಕಾಣಿಸಿಕೊಳ್ಳುವ ಮೊದಲು ಈ ಕೋಣೆಯನ್ನು ಹಾದುಹೋಗಲೇಬೇಕಿತ್ತು.

ಮೊದಲು ಕೋಡಿಂಗ್. ಕೆಂಪು ಪೆನ್ನು ಹಿಡಿದವರು ಪ್ರತಿ ಉತ್ತರವನ್ನೂ ಪುಟದ ಬಲಗಡೆಯ ಚೌಕಕ್ಕೆ ಅಂಕಿಯಾಗಿ ಇಳಿಸುತ್ತಿದ್ದರು. ಗಂಡಸು 1, ಹೆಂಗಸು 2, ಗೊತ್ತಿಲ್ಲ ಎಂದರೆ 9. ವಯಸ್ಸು ಗೊತ್ತಿಲ್ಲದಿದ್ದರೆ 99. ನಿಜವಾಗಿಯೂ ತೊಂಬತ್ತೊಂಬತ್ತು ತುಂಬಿದ ಅಜ್ಜಿ ಸಿಕ್ಕಿದರೆ ಅವರಿಗಾಗಿಯೇ ಬೇರೆ ನಿಯಮ ಮಾಡಿ, ಕೋಡ್ ಪುಸ್ತಕದಲ್ಲಿ ಬರೆದಿಡಬೇಕಾಗುತ್ತಿತ್ತು. ಆಮೇಲೆ ಎಂಟ್ರಿ, ಅಂದರೆ ಆ ಅಂಕಿಗಳನ್ನು ಕಂಪ್ಯೂಟರಿಗೆ ಟೈಪ್ ಮಾಡುವುದು.

ಎಂಟ್ರಿಗೆ ಬಹಳ ಕಡೆ ಬಳಕೆಯಲ್ಲಿದ್ದದ್ದು ಎಪಿ ಇನ್ಫೋ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿಯಲ್ಲಿ ಆಂಡ್ರ್ಯೂ ಡೀನ್ ಅವರ ಮುಂದಾಳತ್ವದಲ್ಲಿ 1985ರಲ್ಲಿ ಹೊರಬಂದ ತಂತ್ರಾಂಶವಿದು. ಆರಂಭದ ಪ್ರೋಗ್ರಾಮಿಂಗ್ ಮಾಡಿದ್ದು ಅವರ ಹದಿಹರೆಯದ ಮಗ ಜೆಫ್ ಡೀನ್. ಮುಂದೆ ಗೂಗಲ್‌ನ ಪ್ರಮುಖ ಎಂಜಿನಿಯರ್ ಆದವರು. ಎಪಿ ಇನ್ಫೋ ಕಾಸಿಲ್ಲದೆ ಸಿಗುತ್ತಿತ್ತು, ಫ್ಲಾಪಿಯಿಂದ ಫ್ಲಾಪಿಗೆ ನಕಲು ಮಾಡಿಕೊಳ್ಳಲು ಅನುಮತಿಯೂ ಇತ್ತು. ಹಾಗಾಗಿ ಹಣವಿಲ್ಲದ ವಿಭಾಗಗಳಿಗೂ ತಲುಪಿತು.

ಅದರ ಒಳಗುಟ್ಟು ಸರಳ. ಪ್ರಶ್ನೆಯನ್ನು ಟೈಪ್ ಮಾಡಿ ಮುಂದೆ ## ಎಂದು ಹಾಕಿದರೆ ಎರಡಂಕಿಯ ಜಾಗ ಸಿದ್ಧ. ಮೂರು ಹಾಕಿದರೆ ಮೂರಂಕಿ. ಚೆಕ್ ಫೈಲ್ ಎಂಬ ಇನ್ನೊಂದು ಕಡತದಲ್ಲಿ ಮಿತಿಗಳನ್ನು ಬರೆಯಬಹುದಿತ್ತು. ಹಿಮೋಗ್ಲೋಬಿನ್ 3ರಿಂದ 20ರ ಒಳಗಿರಬೇಕು ಎಂದು ಬರೆದಿಟ್ಟರೆ 112 ಎಂದು ಹೊಡೆದಾಗ ಕಂಪ್ಯೂಟರ್ ತಡೆಯುತ್ತಿತ್ತು. ಗಂಡಸು ಎಂದರೆ ಹೆರಿಗೆಯ ಪ್ರಶ್ನೆಗಳನ್ನು ಹಾರಿಸಿಕೊಂಡು ಮುಂದಿನ ಪುಟಕ್ಕೆ ಹೋಗುತ್ತಿತ್ತು. ಮುಂದೆ ಡೆನ್ಮಾರ್ಕಿನ ಯೆನ್ಸ್ ಲಾರಿಟ್ಸನ್ ಮತ್ತು ಗೆಳೆಯರು ಇದೇ ಕ್ರಮವನ್ನು ವಿಂಡೋಸ್‌ಗೆ ತಂದು ಎಪಿಡೇಟಾ ಮಾಡಿದರು. ನಮ್ಮಲ್ಲಿ ಸಮುದಾಯ ವೈದ್ಯಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಗಳ ಹಲವು ತಲೆಮಾರುಗಳು ಈ ಎರಡರಲ್ಲೇ ಕೈ ಪಳಗಿಸಿಕೊಂಡವು.

ಆದರೆ ಮಿತಿಯೊಳಗಿನ ತಪ್ಪನ್ನು ಯಾವ ಚೆಕ್ ಫೈಲೂ ಹಿಡಿಯುವುದಿಲ್ಲ. ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರಲ್ಲಿ ಕೆಲವರು ಕನ್ನಡ ಅಂಕಿ ಬರೆಯುತ್ತಿದ್ದರು, ಕೆಲವರು ಇಂಗ್ಲಿಷ್ ಅಂಕಿ, ಅವಸರವಿದ್ದಾಗ ಒಂದೇ ಪುಟದಲ್ಲಿ ಎರಡೂ. ಮೇಲೆ ಬಾಯಿ ತೆರೆದಿರಬೇಕಾದ ೪ ಸ್ವಲ್ಪ ಮುಚ್ಚಿಕೊಂಡರೆ 8 ಆಗುತ್ತದೆ. ನಲವತ್ತರ ಹೆಂಗಸು ಎಂಬತ್ತರ ಮುದುಕಿಯಾಗಿ ಕಂಪ್ಯೂಟರಿಗೆ ಸೇರುತ್ತಾಳೆ. ಅವಸರದ ೧ ಸೊನ್ನೆಯಂತೆ ಕಾಣುತ್ತದೆ. ಇದಕ್ಕಾಗಿಯೇ ಡಬಲ್ ಎಂಟ್ರಿ ಇದ್ದದ್ದು. ಒಂದೇ ಫಾರ್ಮನ್ನು ಇಬ್ಬರು ಬೇರೆಬೇರೆಯಾಗಿ ಟೈಪ್ ಮಾಡಬೇಕು, ಆಮೇಲೆ ಎರಡೂ ಕಡತಗಳನ್ನು ಹೋಲಿಸಬೇಕು, ಹೊಂದದ ಕಡೆಯೆಲ್ಲ ಮೂಲ ಕಾಗದ ತೆಗೆದು ನೋಡಬೇಕು. ಪಂಚ್ ಕಾರ್ಡಿನ ಕಾಲದಲ್ಲಿ ಒಬ್ಬರು ತೂತು ಹೊಡೆದ ಕಾರ್ಡನ್ನು ಇನ್ನೊಬ್ಬರು ವೆರಿಫೈಯರ್ ಯಂತ್ರದಲ್ಲಿ ಮತ್ತೆ ಟೈಪ್ ಮಾಡಿ ಪರೀಕ್ಷಿಸುತ್ತಿದ್ದ ಪದ್ಧತಿಯೇ ಹೀಗೆ ಮುಂದುವರಿದಿತ್ತು.

ದಿನವಿಡೀ ಅಕ್ಷರ ನೋಡುತ್ತಿದ್ದ ಎಂಟ್ರಿ ಆಪರೇಟರ್‌ಗಳಿಗೆ ಫಾರ್ಮು ತುಂಬಿದ ಕೈ ಯಾರದೆಂದು ಹೆಸರು ನೋಡದೆ ಗೊತ್ತಾಗುತ್ತಿತ್ತು. ಯಾರ ಬರಹದಲ್ಲಿ 1ಕ್ಕೂ 7ಕ್ಕೂ ವ್ಯತ್ಯಾಸವಿಲ್ಲ, ಯಾರು ರಕ್ತದೊತ್ತಡವನ್ನು ಸದಾ 120/80 ಎಂದೇ ಬರೆಯುತ್ತಾರೆ ಎಂಬುದನ್ನು ಅವರು ಸಂಖ್ಯಾಶಾಸ್ತ್ರಜ್ಞರಿಗಿಂತ ಮೊದಲೇ ಹೇಳುತ್ತಿದ್ದರು. ಚೌಕಗಳ ಆಚೆ, ಅಂಚಿನಲ್ಲಿ ಬರೆದ ಸಾಲುಗಳನ್ನು ಓದುತ್ತಿದ್ದವರೂ ಅವರೇ. ‘ಗಂಡ ಎದುರಿಗಿದ್ದರು, ಸರಿಯಾಗಿ ಹೇಳಲಿಲ್ಲ.’ ‘ಮಾತ್ರೆ ಬಿಟ್ಟು ನಾಟಿ ಔಷಧಿ ಮಾಡುತ್ತಿದ್ದಾರೆ.’ ಇಂಥ ಮಾತುಗಳಿಗೆ ಕೋಡ್ ಇರಲಿಲ್ಲ. ಆದರೂ ಒಳ್ಳೆಯ ಆಪರೇಟರ್ ಫಾರ್ಮು ಪಕ್ಕಕ್ಕಿಟ್ಟು ಡಾಕ್ಟರಿಗೆ ತೋರಿಸುತ್ತಿದ್ದರು.

ಅವರ ಹೆಸರು ಪ್ರಬಂಧದ ಕೊನೆಯ ಕೃತಜ್ಞತೆಯಲ್ಲೂ ಬರುತ್ತಿದ್ದುದು ಅಪರೂಪ.

ಈ ಪದ್ಧತಿಯ ದೊಡ್ಡ ಶತ್ರು ಕಾಲ. ಸಮೀಕ್ಷೆ ಬೇಸಿಗೆಯಲ್ಲಿ ಮುಗಿದರೆ ಎಂಟ್ರಿ ಮಳೆಗಾಲಕ್ಕೆ, ಹೋಲಿಕೆ ದೀಪಾವಳಿಯ ಹೊತ್ತಿಗೆ. ಆಗ ಸಿಕ್ಕ ತಪ್ಪನ್ನು ತಿದ್ದಲು ಮತ್ತೆ ಹಳ್ಳಿಗೆ ಹೋದರೆ ಮನೆಗೆ ಬೀಗ; ಮನೆಯವರು ಕೂಲಿ ಹುಡುಕಿಕೊಂಡು ಊರು ಬಿಟ್ಟಿರುತ್ತಿದ್ದರು. ಖಾಲಿ ಉಳಿದ ಚೌಕ ಖಾಲಿಯೇ ಉಳಿಯುತ್ತಿತ್ತು.

ಟೈಪ್ ಮಾಡುವುದನ್ನೇ ತಪ್ಪಿಸುವ ಮೊದಲ ದೊಡ್ಡ ಪ್ರಯತ್ನವನ್ನು ಭಾರತ ಕಂಡದ್ದು ವೈದ್ಯಕೀಯದಲ್ಲಿ ಅಲ್ಲ, 2001ರ ಜನಗಣತಿಯಲ್ಲಿ. ಫಾರ್ಮುಗಳನ್ನು ವೇಗದ ಸ್ಕ್ಯಾನರುಗಳಿಗೆ ಕೊಟ್ಟು, ಕೈಬರಹದ ಅಂಕಿಗಳನ್ನು ಐಸಿಆರ್ ತಂತ್ರಜ್ಞಾನದಿಂದ ಓದಿಸಲಾಯಿತು. ಸಂಶೋಧನೆಯಲ್ಲೂ ಇಂಥ ಫಾರ್ಮುಗಳು ಬಂದವು: ಒಂದು ಅಂಕಿಗೆ ಒಂದು ಚೌಕ, ಮೂಲೆಗಳಲ್ಲಿ ಪುಟ ಓರೆಯಾಗಿದೆಯೇ ಎಂದು ಯಂತ್ರ ತಿಳಿಯಲು ಕಪ್ಪು ಗುರುತು, ಸ್ಕ್ಯಾನರಿಗೆ ಕಾಣದ ತೆಳು ಬಣ್ಣದಲ್ಲಿ ಅಚ್ಚಾದ ಗೆರೆಗಳು. ಮಡಿಸಿದ, ಬೆವರಿಗೆ ನೆನೆದ, ಗೆರೆ ದಾಟಿ ಬರೆದ ಪುಟದಲ್ಲಿ ಯಂತ್ರ ತಡವರಿಸುತ್ತಿತ್ತು. ಅನುಮಾನದ ಅಂಕಿ ಪರದೆಯ ಮೇಲೆ ಬಂದು ನಿಂತಾಗ ಮತ್ತೆ ಮನುಷ್ಯನೇ ನೋಡಿ ಹೇಳಬೇಕಿತ್ತು.

ಅದೇ ವರ್ಷಗಳಲ್ಲಿ ಶುರುವಾದ ‘ಮಿಲಿಯನ್ ಡೆತ್ ಸ್ಟಡಿ’ ಕಾಗದ ಮತ್ತು ಕಂಪ್ಯೂಟರನ್ನು ಬೇರೊಂದು ರೀತಿಯಲ್ಲಿ ಜೋಡಿಸಿತು. ಭಾರತದ ರಿಜಿಸ್ಟ್ರಾರ್ ಜನರಲ್ ಕಚೇರಿಯೊಂದಿಗೆ ಡಾ. ಪ್ರಭಾತ್ ಝಾ ಅವರ ತಂಡ ನಡೆಸಿದ ಅಧ್ಯಯನ ಅದು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಸಂಸ್ಥೆ ಕೂಡ ಕೈಜೋಡಿಸಿತ್ತು. ಸಾವು ಸಂಭವಿಸಿದ ಮನೆಗೆ ಗಣತಿದಾರರು ಹೋಗಿ, ರೋಗಲಕ್ಷಣಗಳ ಪ್ರಶ್ನೆ ಕೇಳಿ, ಕೊನೆಗೆ ಅರ್ಧ ಪುಟದಷ್ಟು ಜಾಗದಲ್ಲಿ ಮನೆಯವರು ಹೇಳಿದ್ದನ್ನು ಅವರದೇ ಭಾಷೆಯಲ್ಲಿ ಬರೆದುಕೊಳ್ಳುತ್ತಿದ್ದರು. ಆ ಪುಟಗಳನ್ನು ಸ್ಕ್ಯಾನ್ ಮಾಡಿ, ಆ ಭಾಷೆ ಓದಬಲ್ಲ ಇಬ್ಬರು ವೈದ್ಯರಿಗೆ ಪ್ರತ್ಯೇಕವಾಗಿ ಕಳಿಸಲಾಗುತ್ತಿತ್ತು. ಕನ್ನಡದಲ್ಲಿ ಬರೆದದ್ದು ಕನ್ನಡ ಬಲ್ಲ ವೈದ್ಯರಿಗೆ. ಸಾವಿನ ಕಾರಣದ ಬಗ್ಗೆ ಇಬ್ಬರ ತೀರ್ಮಾನ ಹೊಂದದಿದ್ದರೆ ಮರುಪರಿಶೀಲನೆ, ಆಮೇಲೂ ಹೊಂದದಿದ್ದರೆ ಹಿರಿಯ ವೈದ್ಯರ ನಿರ್ಣಯ. ಡಬಲ್ ಎಂಟ್ರಿಯ ನಿಯಮವೇ ಇಲ್ಲಿ ರೋಗನಿರ್ಣಯಕ್ಕೆ ಏರಿತ್ತು. ಭಾರತದಲ್ಲಿ ವರ್ಷಕ್ಕೆ ಸುಮಾರು 46,000 ಜನ ಹಾವು ಕಚ್ಚಿ ಸಾಯುತ್ತಾರೆ ಎಂದು 2011ರಲ್ಲಿ ಜಗತ್ತಿಗೆ ತಿಳಿದದ್ದು ಈ ಅಧ್ಯಯನದಿಂದ. ಅವರಲ್ಲಿ ಬಹುಪಾಲು ಜನ ಸತ್ತದ್ದು ಆಸ್ಪತ್ರೆಯ ಹೊರಗೆ. ಆಸ್ಪತ್ರೆಯ ರಿಜಿಸ್ಟರಿನಲ್ಲಿ ಹುಡುಕಿದ್ದರೆ ಅವರ ಸುಳಿವೇ ಸಿಗುತ್ತಿರಲಿಲ್ಲ.

ಮುಂದಿನ ಬದಲಾವಣೆ ಬೇಗ ಆಯಿತು. 2004ರಲ್ಲಿ ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಪಾಲ್ ಹ್ಯಾರಿಸ್ ಅವರ ತಂಡ ಸಂಶೋಧನೆಯ ಮಾಹಿತಿಯನ್ನು ವೆಬ್‌ನಲ್ಲೇ ತುಂಬುವ ರೆಡ್‌ಕ್ಯಾಪ್ ತಂತ್ರಾಂಶವನ್ನು ಕಟ್ಟಿತು. 2008ರ ಹೊತ್ತಿಗೆ ವಾಷಿಂಗ್ಟನ್ ವಿಶ್ವವಿದ್ಯಾಲಯದ ಗೇಟಾನೊ ಬೊರಿಯೆಲ್ಲೊ ಮತ್ತು ಅವರ ವಿದ್ಯಾರ್ಥಿಗಳು ಆಂಡ್ರಾಯ್ಡ್ ಫೋನಿನಲ್ಲಿ ಫಾರ್ಮು ತುಂಬುವ ಓಪನ್ ಡೇಟಾ ಕಿಟ್, ಅಂದರೆ ಓಡಿಕೆ ಶುರುಮಾಡಿದರು. ಸಿಗ್ನಲ್ ಇಲ್ಲದ ಊರಲ್ಲೂ ತುಂಬಬಹುದು. ಸಿಗ್ನಲ್ ಸಿಕ್ಕಾಗ ಕಳಿಸಬಹುದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮೂರನೇ ಸುತ್ತು 2005-06ರಲ್ಲಿ ಸುಮಾರು 1.09 ಲಕ್ಷ ಮನೆಗಳನ್ನು ಕಾಗದದ ಫಾರ್ಮಿನಲ್ಲೇ ಮುಗಿಸಿತ್ತು. 2015-16ರ ನಾಲ್ಕನೇ ಸುತ್ತಿಗೆ ಮನೆಗಳು 6 ಲಕ್ಷ ದಾಟಿದವು. ಸಂದರ್ಶಕರ ಕೈಗೆ ಪುಟ್ಟ ಕಂಪ್ಯೂಟರ್ ಬಂದಿತ್ತು.

ಇದರಿಂದ ಆದ ಲಾಭ ಸಣ್ಣದಲ್ಲ. ದೀಪಾವಳಿಗೆ ಸಿಗುತ್ತಿದ್ದ ತಪ್ಪು ಈಗ ಜಗುಲಿಯ ಮೇಲೆ ಕೂತಿರುವಾಗಲೇ ಸಿಗುತ್ತದೆ. ಹಸುಗೂಸಿನ ತೂಕ 35 ಕಿಲೋ ಎಂದು ಒತ್ತಿದರೆ ಫೋನು ಮುಂದೆ ಬಿಡುವುದಿಲ್ಲ, ತಾಯಿಯೂ ಎದುರಿಗೇ ಇರುತ್ತಾಳೆ, ಅಲ್ಲೇ ಕೇಳಿ 3.5 ಎಂದು ತಿದ್ದಬಹುದು. ಯಾರು ಯಾವಾಗ ಯಾವ ಉತ್ತರ ಬದಲಿಸಿದರು ಎಂಬುದನ್ನು ರೆಡ್‌ಕ್ಯಾಪ್ ತಾನೇ ಬರೆದಿಡುತ್ತದೆ. ಇದಕ್ಕಾಗಿಯೇ ಹಿಂದೆ ಔಷಧ ಪರೀಕ್ಷೆಯ ಕಾಗದದ ಫಾರ್ಮಿನಲ್ಲಿ ತಪ್ಪಿನ ಮೇಲೆ ಒಂದೇ ಗೆರೆ ಎಳೆದು, ಸಹಿ ಹಾಕಿ, ದಿನಾಂಕ ಬರೆಯಬೇಕಿತ್ತು. ಕಟ್ಟುಗಳಿಲ್ಲ, ಗೆದ್ದಲಿಲ್ಲ, ೪ ಮತ್ತು 8ರ ಗೊಂದಲವಿಲ್ಲ. ಕೋಣೆಯೇ ಇಲ್ಲ. ಆಪರೇಟರ್‌ಗಳಲ್ಲಿ ಕೆಲವರು ಡೇಟಾ ಮ್ಯಾನೇಜರ್‌ಗಳಾದರು, ಬಹಳ ಜನರ ಕೆಲಸ ಹೋಯಿತು.

ಅವರೊಂದಿಗೆ ಅಂಚೂ ಹೋಯಿತು. ಫೋನಿನ ಪರದೆಗೆ ಅಂಚಿಲ್ಲ. ‘ಕಡ್ಡಾಯ’ ಎಂದು ಗುರುತಿಸಿದ ಪ್ರಶ್ನೆಗೆ ಉತ್ತರ ಒತ್ತದೆ ಮುಂದೆ ಹೋಗಲಾಗದು; ಹೇಳಲು ಮನಸ್ಸಿಲ್ಲದ ಹೆಂಗಸಿನ ಮೌನಕ್ಕೆ ಆಯ್ಕೆಯನ್ನೇ ಕೊಡದಿದ್ದರೆ ಕಾರ್ಯಕರ್ತೆ ಏನೋ ಒಂದನ್ನು ಒತ್ತುತ್ತಾಳೆ. ಕಾಗದದಲ್ಲಿ ಖಾಲಿ ಚೌಕ ಖಾಲಿಯೆಂದೇ ಕಾಣುತ್ತಿತ್ತು. ಇಲ್ಲಿ ಎಲ್ಲವೂ ತುಂಬಿದಂತೆ, ಸರಿಯಿದ್ದಂತೆ ಕಾಣುತ್ತದೆ. ‘ಇತರೆ’ ಎಂಬ ಗುಂಡಿಯ ಕೆಳಗೆ ಏನು ಅಡಗಿದೆಯೆಂದು ತೆಗೆದು ನೋಡುವವರು ಕಡಿಮೆ.

ಮನೆಯವರು ಕೊಟ್ಟ ಉತ್ತರಗಳಿಂದ ಯಂತ್ರವೇ ಸಾವಿನ ಕಾರಣ ಹೇಳಬಲ್ಲದೇ ಎಂಬುದನ್ನೂ ಪರೀಕ್ಷಿಸಿದ್ದಾಗಿದೆ. ಗ್ರಾಮೀಣ ಭಾರತದ 117 ಹಳ್ಳಿಗಳ 9,374 ಸಾವುಗಳನ್ನು ಎರಡು ಪಾಲು ಮಾಡಿ, ಒಂದನ್ನು ವೈದ್ಯರಿಗೂ ಇನ್ನೊಂದನ್ನು ಆರು ಬಗೆಯ ಗಣಕ ಕ್ರಮಗಳಿಗೂ ಕೊಟ್ಟ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಯಂತ್ರಗಳು ಹೇಳಿದ ಕಾರಣಗಳ ಒಟ್ಟು ಚಿತ್ರ ವೈದ್ಯರ ಚಿತ್ರಕ್ಕೆ ಸರಾಸರಿ ಶೇಕಡಾ 62ರಷ್ಟು ಮಾತ್ರ ಹೊಂದಿತು. ವಯಸ್ಕರಲ್ಲಿ ಕ್ಯಾನ್ಸರ್ ಮತ್ತು ಆತ್ಮಹತ್ಯೆಯ ಸಾವುಗಳನ್ನು ಅವು ಕಡಿಮೆ ಎಣಿಸಿದ್ದವು. ಆತ್ಮಹತ್ಯೆಯನ್ನು ಯಾವ ಮನೆಯವರೂ ಹೌದು-ಇಲ್ಲ ಎಂಬ ಪ್ರಶ್ನೆಗೆ ಸುಲಭವಾಗಿ ಹೇಳುವುದಿಲ್ಲ. ‘ಹೊಲಕ್ಕೆ ಹೊಡೆಯೋ ಔಷಧಿ ಮನೇಲಿತ್ತು’ ಎಂದು ಬೇರೆ ಮಾತಿನ ನಡುವೆ ಹೇಳುತ್ತಾರೆ. ಆ ಮಾತು ಓದಿದ ಕನ್ನಡದ ವೈದ್ಯರಿಗೆ ವಿವರಣೆ ಬೇಕಾಗುವುದಿಲ್ಲ.

ಈಗ ಮೊಬೈಲಿನಲ್ಲಿ ಫಾರ್ಮು ಕಟ್ಟುತ್ತಿರುವ ನಮ್ಮ ವೈದ್ಯಕೀಯ ಕಾಲೇಜುಗಳ ಯುವ ಸಂಶೋಧಕರಲ್ಲಿ ಆ ಹಳೆಯ ಕೋಣೆಯನ್ನು ಕಂಡವರ ಕೋರಿಕೆ ಇಷ್ಟೇ. ಕಾಗದಕ್ಕೆ ಮರಳಬೇಡಿ, ಅದರ ಅಗತ್ಯವಿಲ್ಲ. ಆದರೆ ಫಾರ್ಮು ಅಂತಿಮಗೊಳಿಸುವ ಮೊದಲು ಅದನ್ನು ಹಳ್ಳಿಗೆ ಒಯ್ಯುವ ಆಶಾ ಕಾರ್ಯಕರ್ತೆಯ ಜೊತೆ ಕೂತು ಒಮ್ಮೆ ತುಂಬಿ ನೋಡಿ. ‘ಹೇಳಲಿಲ್ಲ’ ಎಂಬ ಆಯ್ಕೆಯನ್ನು ಪ್ರತಿ ಕಡ್ಡಾಯ ಪ್ರಶ್ನೆಗೂ ಕೊಡಿ. ಕೊನೆಗೆ ಕನ್ನಡದಲ್ಲಿ ಬರೆಯಲು, ಇಲ್ಲವೇ ದನಿ ಮುದ್ರಿಸಲು ಒಂದು ಜಾಗ ಬಿಡಿ. ಮತ್ತು ಅದನ್ನು ಕೂತು ಓದುವ, ಆ ಸೀಮೆಯ ಮಾತು ಬಲ್ಲ ಒಬ್ಬರ ಸಂಬಳವನ್ನು ಯೋಜನೆಯ ಬಜೆಟ್ಟಿನಲ್ಲೇ ಸೇರಿಸಿ, ಪ್ರಬಂಧದಲ್ಲಿ ಅವರ ಹೆಸರನ್ನೂ ಹಾಕಿ.