ಹಿಂಡಿರುವ ಮನೆ

ನಮ್ಮ ಶಿರಸಿ ಕಡೆಯ ಹುಡುಗನೊಬ್ಬನ ಜಾತಕ ಮಗಳಿಗೆ ಬಂದಿತ್ತು. ಎರಡೆಕರೆ ಅಡಿಕೆ ತೋಟ, ನಾಲ್ಕು ಹಸು, ಗುಣವಂತ. 'ಸಗಣಿ ಬಾಚುವುದಕ್ಕೆ ಮಗಳನ್ನು ಓದಿಸಲಿಲ್ಲ' ಎಂದು ಜಾತಕ ಹಿಂತಿರುಗಿಸಿದವಳು ನಾನೇ. ಅವಳೀಗ ಬೆಂಗಳೂರಿನಲ್ಲಿ ಸುಖವಾಗಿದ್ದಾಳೆ. ಆ ಹುಡುಗನಿಗೆ ನಲವತ್ತು ದಾಟಿತು, ಮದುವೆಯಾಗಿಲ್ಲ. ಇದನ್ನು ಮರೆತೇಬಿಟ್ಟಿದ್ದೆ, ನೆನಪಾಗಲು ಲಡಾಖಿನವರೆಗೆ ಹೋಗಬೇಕಾಯಿತು ನೋಡಿ!

2019ರ ಜುಲೈನಲ್ಲಿ ಮಗಳು, ಅಳಿಯನ ಜೊತೆ ಲೇಹ್‌ಗೆ ಹೋಗಿದ್ದೆ. ಪೇಟೆಯಲ್ಲಿ ಪಶ್ಮೀನಾ ಶಾಲಿನ ಬೆಲೆ ಕೇಳಿ ಬೆಚ್ಚಿಬಿದ್ದವಳನ್ನು ಕಂಡು ನಮ್ಮ ಕಾರಿನ ಹುಡುಗ ನಕ್ಕ. 'ಆ ಆಡು ಸಾಕಿದವಳು ನನ್ನಮ್ಮ, ಬನ್ನಿ' ಎಂದು ಊರ ಹೊರಗಿನ ಖರ್ನಕ್‌ಲಿಂಗ್‌ಗೆ ಕರೆದೊಯ್ದ. ಚಾಂಗ್‌ಥಾಂಗ್ ಪ್ರಸ್ಥಭೂಮಿಯ ಖರ್ನಕ್ ಸೀಮೆ ಬಿಟ್ಟು ಬಂದ ಚಾಂಗ್‌ಪಾ ಕುರುಬರ ಬಡಾವಣೆ ಅದು.

'ಜುಲೇ' ಎಂದು ಕೈಮುಗಿದ ಆ ತಾಯಿ ಬೆಣ್ಣೆ ಹಾಕಿದ ಉಪ್ಪು ಚಹಾ ಕೊಟ್ಟರು. (ಮೊದಲ ಗುಟುಕು ಕಷ್ಟವೇ ಅನ್ನಿ.) ಅವರು ಹೇಳಿದ್ದನ್ನು ಮಗ ಹಿಂದಿಗೆ ತಿರುಗಿಸುತ್ತಿದ್ದ. 14 ಸಾವಿರ ಅಡಿಗೂ ಮೇಲೆ, ಯಾಕ್ ಕೂದಲಿನ ಡೇರೆಯಲ್ಲಿ ಸಂಸಾರ. ಚಳಿಗಾಲದಲ್ಲಿ ಸೊನ್ನೆಗಿಂತ 30 ಡಿಗ್ರಿ ಕೆಳಗೆ. ಆಡುಗಳನ್ನು ಎದುರುಬದುರು ನಿಲ್ಲಿಸಿ, ಒಂದೇ ಹಗ್ಗದಲ್ಲಿ ಕೊರಳು ಹೆಣೆದು ಹಾಲು ಕರೆಯಬೇಕು. ಬೇಸಿಗೆಯಲ್ಲಿ ಬಾಚಣಿಗೆ ಹಿಡಿದು ಒಳತುಪ್ಪಳ ಬಾಚಿದರೆ ಆಡೊಂದಕ್ಕೆ ಸಿಗುವುದು ಕಾಲು ಕಿಲೋದಷ್ಟು. ಒರಟು ಕೂದಲು ತೆಗೆದರೆ ಅದರಲ್ಲೂ ಅರ್ಧಕ್ಕಿಂತ ಕಡಿಮೆ ಉಳಿಯುತ್ತದೆ. ಶಾಲಾಗುವ ಹೊತ್ತಿಗೆ ಬೆಲೆ ಏರುತ್ತದೆ. ಆ ಏರಿದ ಹಣ ಡೇರೆಗೆ ವಾಪಸು ಬರುವುದಿಲ್ಲ.

ಮಕ್ಕಳು ಓದಲೆಂದು ಹಾಸ್ಟೆಲು ಸೇರಿದ ಮೇಲೆ ಕೈಗಳು ಕಡಿಮೆಯಾದವು. 2013ರ ಆರಂಭದ ಹಿಮಪಾತದಲ್ಲಿ ಚಾಂಗ್‌ಥಾಂಗ್‌ನಲ್ಲಿ ಮೇವಿಲ್ಲದೆ ಸಾವಿರಾರು ಆಡು ಕುರಿಗಳು ಸತ್ತವು. ಆ ವರ್ಷವೇ ಈ ತಾಯಿ ಅರ್ಧ ಹಿಂಡು ಮಾರಿದರು. ಕೊಂಡವನು ಕಟುಕನೆಂದು ಗೊತ್ತಿತ್ತು. ಒಂದು ಮುದಿ ಆಡಿನ ಕಿವಿಗೆ ಮಾತ್ರ ಬಣ್ಣದ ದಾರ ಪೋಣಿಸಿ, ಲಾಮಾರಿಂದ ಮಂತ್ರ ಹೇಳಿಸಿ, ಜೀವದಾನ ಕೊಟ್ಟು ಬಿಟ್ಟರಂತೆ. ಅದನ್ನು ಯಾರೂ ಕೊಲ್ಲುವಂತಿಲ್ಲ. 'ಉಳಿದವೂ ನನ್ನ ಮುಖವನ್ನೇ ನೋಡುತ್ತಿದ್ದವು' ಎಂದರು.

ಹಿರಿಯ ಮಗ ಉಳಿದ ಹಿಂಡಿನೊಂದಿಗೆ ಮೇಲೆಯೇ ಇದ್ದಾನೆ. ಒಂಟಿ. ಹಿಂಡಿರುವ ಮನೆಗೆ ಹೆಣ್ಣು ಕೊಡುವವರಿಲ್ಲ.

'ನಿಮ್ಮ ಮಗಳು?' ಎಂದೆ.

'ಲೇಹ್‌ನಲ್ಲಿ ಅಂಗಡಿಯವನಿಗೆ ಕೊಟ್ಟೆ. ಹಿಂಡಿನವರೂ ಕೇಳಿದ್ದರು.' ಅವರ ಬೆರಳುಗಳು ಜಪಮಣಿಯ ಮೇಲೆ ನಿಂತವು. 'ನಿಮ್ಮ ಕಡೆ ಹೇಗೆ? ದನ ಇದ್ದವರಿಗೆ ಹೆಣ್ಣು ಕೊಡುತ್ತೀರಾ?'

ಮಗ ಪ್ರಶ್ನೆಯನ್ನು ಹಿಂದಿಯಲ್ಲಿ ಹೇಳಿ ನನ್ನತ್ತ ನೋಡಿದ. ಪಕ್ಕದಲ್ಲಿದ್ದ ನನ್ನ ಮಗಳೂ ಚಹಾದ ಬಟ್ಟಲು ಕೆಳಗಿಟ್ಟು ನನ್ನ ಮುಖವನ್ನೇ ನೋಡತೊಡಗಿದಳು.