ಮಳೆಗಾಲದ ಸಾಮಾನು

ಮೇ ತಿಂಗಳು ಮುಗಿಯುವುದರೊಳಗೆ ಕೊಡಗಿನ ಮನೆಗಳಲ್ಲಿ ಮಳೆಗಾಲದ ಸಾಮಾನು ಸೇರಬೇಕು. ಸೌದೆ ಕೊಟ್ಟಿಗೆ ತುಂಬಬೇಕು. ಅಕ್ಕಿ, ಬೆಲ್ಲ, ಒಣಮೀನು, ಉಪ್ಪಿನಕಾಯಿ, ಮೇಣದಬತ್ತಿ ಎಲ್ಲವೂ ಒಳಗೆ ಬರಬೇಕು. ಜೂನ್‌ನಲ್ಲಿ ಹಿಡಿದ ಮಳೆ ಜುಲೈ-ಆಗಸ್ಟ್‌ನ ಕಕ್ಕಡ ಮಾಸ ಕಳೆಯುವವರೆಗೆ ನಂಬುವಂಥದ್ದಲ್ಲ. ಕೆಲವು ವರ್ಷಗಳಿಂದ ನನ್ನ ಈ ಪಟ್ಟಿಯಲ್ಲಿ ಪುಸ್ತಕಗಳೂ ಸೇರಿಕೊಂಡಿವೆ.

ಅದಕ್ಕೆ ಕಾರಣ ಒಂದು ಕಕ್ಕಡ. ತೋಟದ ಅಂಚಿನ ಮರ ಲೈನಿನ ಮೇಲೆ ಬಿದ್ದು ವಾರಗಟ್ಟಲೆ ಕರೆಂಟಿರಲಿಲ್ಲ. ಎರಡನೇ ದಿನಕ್ಕೆ ಮೊಬೈಲೂ ಸುಮ್ಮನಾಯಿತು. ಹಳೆಯ ಲಾಟೀನು ಹುಡುಕಲು ಅಟ್ಟ ಹತ್ತಿದವಳಿಗೆ ಅಮ್ಮನ ಟ್ರಂಕು ಸಿಕ್ಕಿತು. ಅದರ ತುಂಬ ಪುಸ್ತಕಗಳು. ಮದುವೆಗೆ ಮುಂಚೆ ನಾನೂ ಅಮ್ಮನ ಪಕ್ಕ ಕುಳಿತು ಓದುತ್ತಿದ್ದವಳೇ. ಆಮೇಲೆ ತೋಟ, ಮಕ್ಕಳು, ಕೂಲಿಯ ಲೆಕ್ಕ, ಕೊನೆಗೆ ಮೊಬೈಲು ಎಂದು ಓದು ಎಲ್ಲೋ ಹಿಂದೆ ಉಳಿದಿತ್ತು. ಟ್ರಂಕಿನಲ್ಲಿ ಎಲ್ಲಕ್ಕಿಂತ ಮೇಲಿದ್ದದ್ದು ಕೊಡಗಿನ ಗೌರಮ್ಮನವರ ಕಥೆಗಳು. ತೇವ ಹೀರಿ ಪುಸ್ತಕ ಊದಿಕೊಂಡಿತ್ತು. ರಟ್ಟಿನ ಮೇಲೆ ಬೂಷ್ಟು, ಒಳಗೆ ಪುಟಕ್ಕೆ ಪುಟ ಅಂಟು.

ಒದ್ದೆ ಪುಸ್ತಕ ಒಣಗಿಸುವುದಕ್ಕೂ ಒಂದು ಹದವಿದೆ. ಅವಸರದಲ್ಲಿ ಎಳೆದರೆ ಅಕ್ಷರವೇ ಕಿತ್ತು ಬರುತ್ತದೆ. ಮೊದಲು ಬೂಷ್ಟನ್ನು ಒಣಬಟ್ಟೆಯಿಂದ ಒರೆಸಿದೆ. ಹಳೆಯ 'ಶಕ್ತಿ' ಪತ್ರಿಕೆಯನ್ನು ಅಳತೆಗೆ ಕತ್ತರಿಸಿ, ಪುಟ ಬಿಟ್ಟುಕೊಟ್ಟಲ್ಲೆಲ್ಲ ಒಂದೊಂದು ಹಾಳೆ ಸೇರಿಸಿದೆ. ಒಲೆಯಿಂದ ಒಂದು ಮಾರು ದೂರದಲ್ಲಿ, ಹೊಗೆ ತಾಗದೆ ಶಾಖ ಮಾತ್ರ ತಾಗುವಂತೆ, ಸ್ಟೂಲಿನ ಮೇಲೆ ನಿಲ್ಲಿಸಿದೆ. ಬೆಳಿಗ್ಗೆ ಸಂಜೆ ತೇವ ಕುಡಿದ ಹಾಳೆ ತೆಗೆದು ಒಣ ಹಾಳೆ ಇಡುವುದು. ಹಾಗೆ ಇಡುವಾಗ ಕಣ್ಣಿಗೆ ಬಿದ್ದ ನಾಲ್ಕು ಸಾಲು ಓದುತ್ತಿದ್ದೆ. ಮೂರನೇ ದಿನ ಹಾಳೆ ಬದಲಿಸುವುದೇ ಮರೆತುಹೋಯಿತು. ಒಲೆಯ ಬೆಳಕಿನಲ್ಲಿ ಒಂದು ಕಥೆ ಪೂರ್ತಿ ಮುಗಿದಿತ್ತು.

ಗೌರಮ್ಮ ಹುಟ್ಟಿದ್ದು 1912ರಲ್ಲಿ, ಮಡಿಕೇರಿಯಲ್ಲಿ. ಸಂಸಾರ ಮಾಡಿದ್ದು ಸುಂಟಿಕೊಪ್ಪದ ಬಳಿಯ ಗುಂಡುಕುಟ್ಟಿ ತೋಟದಲ್ಲಿ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ತಮ್ಮ ಮನೆಗೂ ಬರಲೇಬೇಕೆಂದು ಉಪವಾಸ ಕುಳಿತು, ಬಂದವರಿಗೆ ಮೈಮೇಲಿನ ಒಡವೆ ಕೊಟ್ಟ ಹೆಣ್ಣುಮಗಳು. 1939ರಲ್ಲಿ ನೀರಿನ ಸುಳಿಗೆ ಸಿಕ್ಕಿ ತೀರಿಕೊಂಡಾಗ ವಯಸ್ಸು ಬರೀ 27. ಬೇಂದ್ರೆಯವರು 'ತಂಗಿ ಗೌರಮ್ಮ' ಎಂದು ಕವಿತೆ ಬರೆದು ದುಃಖಿಸಿದರು. ಸುಂಟಿಕೊಪ್ಪದ ರಸ್ತೆಯಲ್ಲಿ ನೂರಾರು ಸಲ ಓಡಾಡಿದ ನನಗೆ, ವಿಧವೆಯರ, ಮೋಸಹೋದ ಹೆಣ್ಣುಗಳ ಕಥೆಯನ್ನು ಅಷ್ಟು ಹಿಂದೆಯೇ ಅಷ್ಟು ನೇರವಾಗಿ ಬರೆದವರು ಅಲ್ಲೇ ಬದುಕಿದ್ದರೆಂಬುದು ಆ ಮಳೆಯಲ್ಲಿ ಮನಸ್ಸಿಗೆ ಇಳಿಯಿತು.

ಬಿಟ್ಟ ಓದು ಒಂದೇ ದಿನಕ್ಕೆ ಕೈಗೆ ಹತ್ತುವುದಿಲ್ಲ. ಹತ್ತು ಪುಟಕ್ಕೆ ಮನಸ್ಸು ಜಾರುತ್ತಿತ್ತು, ಕೈ ತಾನಾಗಿ ಮೊಬೈಲು ಹುಡುಕುತ್ತಿತ್ತು. ಸಣ್ಣ ಕಥೆಗಳೇ ನನ್ನನ್ನು ಕಾಪಾಡಿದವು. ಒಂದು ಲೋಟ ಬೆಲ್ಲದ ಕಾಫಿಗೆ ಒಂದು ಕಥೆ. ಹಂಚಿನ ಮೇಲೆ ಮಳೆ ಸುರಿಯುತ್ತಿದ್ದರೆ ಹೊರಗಿನ ಬೇರೆ ಸದ್ದೇ ಕೇಳುವುದಿಲ್ಲ. ಓದಲು ಅದಕ್ಕಿಂತ ಒಳ್ಳೆಯ ಕೋಣೆ ಬೇಕೇ?

ಮಳೆ ಬಿಟ್ಟ ಮೇಲೆ ಮಡಿಕೇರಿಯ ಗ್ರಂಥಾಲಯಕ್ಕೆ ಹೋದೆ. ಏನು ಕೇಳಬೇಕೆಂದು ತೋಚದೆ ಕೊಡಗಿನವರು ಬರೆದದ್ದು ಕೊಡಿ ಎಂದೆ. ಅಲ್ಲಿದ್ದವರು, "ಅಕ್ಕಾ, 'ಎಡಕಲ್ಲು ಗುಡ್ಡದ ಮೇಲೆ' ಸಿನಿಮಾ ನೋಡಿದ್ದೀರಲ್ಲ, ಪುಸ್ತಕ ಓದಿದ್ದೀರಾ?" ಎಂದು ಕೇಳಿದರು. ಓದಿರಲಿಲ್ಲ. 'ಹುಲಿಯ ಹಾಲಿನ ಮೇವು', 'ಬಯಲುದಾರಿ' ಕೂಡ ನನಗೆ ಸಿನಿಮಾಗಳೇ ಆಗಿದ್ದವು. ಮೂರನ್ನೂ ಬರೆದ ಭಾರತೀಸುತರು ಮಡಿಕೇರಿಯ ಹತ್ತಿರದವರು. ಅವರಾದ ಮೇಲೆ ಮಾಸ್ತಿಯವರ 'ಚಿಕವೀರ ರಾಜೇಂದ್ರ'. ಅದನ್ನು ಓದಿ ಮುಗಿಸಿ ಮಡಿಕೇರಿಯ ರಾಜರ ಗದ್ದುಗೆಯ ಮುಂದೆ ನಿಂತಾಗ, ಶಾಲೆಯಲ್ಲಿ ಬಾಯಿಪಾಠ ಮಾಡಿದ, ಕೊಡಗು ಬ್ರಿಟಿಷರ ಕೈಸೇರಿದ 1834ನೇ ಇಸವಿ ಮೊದಲ ಸಲ ನೋವಾಗಿ ಕಂಡಿತು. ಆಮೇಲೆ ನಡಿಕೇರಿಯಂಡ ಚಿಣ್ಣಪ್ಪನವರ 'ಪಟ್ಟೋಲೆ ಪಳಮೆ'. ಕೊಡವರ ಹಾಡು, ಗಾದೆ, ಪದ್ಧತಿಗಳನ್ನು ಹುಡುಕಿ, ಕನ್ನಡ ಲಿಪಿಯಲ್ಲಿ ಬರೆದು 1924ರಲ್ಲಿ ಅಚ್ಚು ಹಾಕಿಸಿದ ಪುಸ್ತಕ. ದುಡಿಯ ಸದ್ದಿನಲ್ಲಿ ಬರೀ ಕೇಳಿಕೊಂಡು ಬಂದಿದ್ದ ಮಾತುಗಳನ್ನು ಸಾಲಿನ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದೆ.

ಮುಂದಿನ ಪುಸ್ತಕ ಯಾವುದು ಎಂಬ ಚಿಂತೆ ಈಗಿಲ್ಲ. ಓದಿದ ಪುಸ್ತಕವೇ ಕೈಹಿಡಿದು ಇನ್ನೊಂದರ ಮನೆಗೆ ಬಿಟ್ಟು ಬರುತ್ತದೆ. ಗೌರಮ್ಮನವರ ಕಥೆಗಳನ್ನು ಇಂಗ್ಲಿಷಿಗೆ ತಂದ ಮಡಿಕೇರಿಯ ದೀಪಾ ಭಾಸ್ತಿಯವರೇ ಬಾನು ಮುಷ್ತಾಕರ ಕಥೆಗಳನ್ನೂ ಅನುವಾದಿಸಿದರು. 2025ರಲ್ಲಿ ಆ ಪುಸ್ತಕಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಜಗತ್ತು ಇಂಗ್ಲಿಷಿನಲ್ಲಿ ಓದಿದ್ದು ನಮಗೆ ಕನ್ನಡದಲ್ಲೇ ಇದೆಯಲ್ಲ ಎಂದು ಬಾನು ಅವರ ಕಥೆಗಳನ್ನು ತರಿಸಿಕೊಂಡೆ. ಆ ಕಥೆಗಳ ಹೆಂಗಸರು ಗೌರಮ್ಮನವರ ಹೆಂಗಸರ ನೆಂಟರಂತೆಯೇ ಕಂಡರು.

ಓದು ಬಿಟ್ಟುಹೋಯಿತು ಎಂದು ಕೊರಗುವವರಿಗೆ ನಾನು ಹೇಳುವುದಿಷ್ಟೇ: ದೊಡ್ಡ ಪಟ್ಟಿ ಹಿಡಿದು ಹೊರಡಬೇಡಿ. ನಿಮ್ಮ ಊರಿನವರು ಬರೆದ ಒಂದು ಸಣ್ಣ ಕಥೆಯಿಂದ ಶುರು ಮಾಡಿ, ಮಿಕ್ಕ ದಾರಿ ಅದೇ ತೋರಿಸುತ್ತದೆ. ಈ ಸಲ ಮಳೆಗೆ ಮುಂಚೆ ಸೌದೆ, ಬೆಲ್ಲ, ಮೇಣದಬತ್ತಿ ಕೂಡಿಡುವಾಗ ನಾಲ್ಕು ಪುಸ್ತಕಗಳನ್ನೂ ಒಳಗೆ ತನ್ನಿ. ಅವನ್ನು ಅಟ್ಟಕ್ಕೆ ಮಾತ್ರ ಹಾಕಬೇಡಿ, ಒಲೆಯ ಹತ್ತಿರ, ಕೈಗೆ ಸಿಗುವಲ್ಲಿ ಇಡಿ.